ಕಡಲಿಗೆ ಕಬ್ಬಿಣದ ಗೊಬ್ಬರ: ಲೋಹಾಫೆಕ್ಸ್ ಪರೀಕ್ಷೆಯ ವಿಚಾರ

2009ನೆಯ ಇಸವಿಯ ಆದಿಭಾಗದಲ್ಲಿ ಭಾರತ ಮತ್ತು ಜರ್ಮನಿ ದೇಶಗಳ ಶಾಸ್ತ್ರಜ್ಞರು ಒಡಗೂಡಿ ಅಟ್ಲಾಂಟಿಕ್ ಸಾಗರದ ದಕ್ಷಿಣಪ್ರಾಂತದಲ್ಲಿ ಒಂದು ಪರೀಕ್ಷೆಯನ್ನು ನಡೆಸಿ ಅದಕ್ಕೆ 'ಲೋಹಾಫೆಕ್ಸ್' ಎಂದು ಹೆಸರಿಟ್ಟರು. ಹೆಸರಿನ ಪೂರ್ವಾರ್ಧವು ಹಿಂದೀ ಭಾಷೆಯ ಲೋಹಾ ಎಂಬುದು. ಉತ್ತರಾರ್ಧವು ಗೊಬ್ಬರವಿಡುವ ಪ್ರಯೋಗವೆಂಬರ್ಥದ ಇಂಗ್ಲಿಷ್ ಮಾತುಗಳ ಸಂಕ್ಷೇಪ. ಕನ್ನಡದಲ್ಲಿ ಲೋಹವೆಂದರೆ ಚಿನ್ನ ತಾಮ್ರಾದಿಗಳೆಲ್ಲವೂ ಆಗಬಹುದಾದುದರಿಂದ ವಾಚಕರಿಗೆ ಭ್ರಾಂತಿಯಾಗಬಾರದು. ಇಲ್ಲಿ ವಿವಕ್ಷಿತವಾದುದು ಕಬ್ಬಿಣವೊಂದೇ, ಕರಿಯ ಪೊನ್ನೆಂದು ನಮ್ಮ ಪೂರ್ವಿಕರು ಕರೆದು ಕರ್ಬುನವಾಗಿ ಬಳಸಿದ ಆ ಧಾತುವೇ.

ಕಡಲಿಗೆ ಕಬ್ಬಿಣವನ್ನೇಕೆ ಹಾಕಬೇಕು? ನೆಲದ ಮೇಲೆ ಹುಲ್ಲು ಹೇಗೋ ಹಾಗೆ ಸಮುದ್ರದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣವಾದ ತೇಲುಸಸ್ಯಗಳೇ ಸಕಲ ಜಲಚರಗಳ ಆಹಾರಕ್ಕೆ ಮೂಲ. ಇವು ಬಿಸಿಲಿನ ಬಲದಿಂದ ನೀರಿನಲ್ಲಿ ಕರಗಿರುವ ಇಂಗಾಲಾಮ್ಲವಾಯುವನ್ನು ಹೀರಿ ಬೆಳೆಯುವುವು. ಹೀಗೆ ನೀರಿನಲ್ಲಿ ಕಡಮೆಯಾದ ವಾಯುವನ್ನು ಆಕಾಶವು ತುಂಬಿಕೊಡುವುದು. ಅಂಟಾರ್ಕ್ಟಿಕ ಖಂಡವನ್ನು ಸುತ್ತಿರುವ ದಕ್ಷಿಣಸಾಗರದಲ್ಲಿ ಈ ಸಸ್ಯಗಳಿಗೆ ಬೇಕಾದ ನೈಟ್ರೇಟು ಫಾಸ್ಫೇಟುಗಳು ಯಥೇಚ್ಛವಾಗಿದ್ದರೂ ಬೆಳೆ ಮಾತ್ರ ಬಡವಾದುದು. ಇದು ಬಹುಕಾಲ ಒಗಟಾಗಿದ್ದಿತು. ಅಲ್ಲಿ ಕೊರತೆಯಾಗಿರುವುದು ಕಬ್ಬಿಣವೆಂದೂ, ಮರುಭೂಮಿಗಳ ಧೂಳು ಗಾಳಿಯೊಡನೆ ಅಷ್ಟು ದೂರ ಹೆಚ್ಚಾಗಿ ಹೋಗದಿರುವುದೇ ಇದಕ್ಕೆ ಕಾರಣವೆಂದೂ ಅಮೆರಿಕದ ಜಾನ್ ಮಾರ್ಟಿನ್ ಎಂಬ ಪಂಡಿತನು 1980ರ ದಶಕದ ಕೊನೆಯಲ್ಲಿ ಪ್ರತಿಪಾದಿಸಿದನು. ಹಿಮಯುಗಗಳಲ್ಲಿ ಧೂಳು ಹೆಚ್ಚಾಗಿ ಬಿದ್ದುದಕ್ಕೂ, ಆ ಕಾಲದ ವಾಯುಮಂಡಲದಲ್ಲಿ ಇಂಗಾಲಾಮ್ಲವು ಕಡಮೆಯಿದ್ದುದಕ್ಕೂ ಅಂಟಾರ್ಕ್ಟಿಕದ ಹಿಮಸ್ತರಗಳೇ ಸಾಕ್ಷಿಯಾಗಿದ್ದುವು. ಆತನು 1993ರಲ್ಲಿ ತೀರಿಕೊಂಡನು. ಅದೇ ವರ್ಷ ಆತನ ಸಂಗಡಿಗರು ಗಲಾಪಗೋಸ್ ದ್ವೀಪಗಳ ಬಳಿ ಮೊದಲನೆಯ ಪರೀಕ್ಷೆಯನ್ನು ನಡೆಸಿದರು. ಕಬ್ಬಿಣ ಬಿದ್ದೆಡೆ ಕಡಲು ಹಸುರಾಗುವುದೆಂಬುದು ಅಂದಿನಿಂದ ನಿರ್ವಿವಾದ.

ಆದರೆ ಹಸುರಾದ ಮಾತ್ರಕ್ಕೆ ಕಾರ್ಯವಾಗದು. ಇದು ಇಡೀ ವಿಷಯದ ಮರ್ಮ. ಸಸ್ಯವು ಹೀರಿದ ಇಂಗಾಲವು ಮೇಲ್ನೀರಿನಲ್ಲಿಯೇ ಇದ್ದರೆ, ಅದನ್ನು ತಿಂದ ಪ್ರಾಣಿಗಳ ಉಸಿರಿನಿಂದಲೂ ಕೊಳೆಯುವಿಕೆಯಿಂದಲೂ ಕೆಲವು ವಾರಗಳಲ್ಲಿ ಪುನಃ ವಾಯುರೂಪವನ್ನು ತಾಳುವುದು. ಸತ್ತ ಸಸ್ಯಗಳು ಸಾವಿರ ಮೀಟರಿಗೂ ಕೆಳಗಿಳಿದರೆ ಮಾತ್ರ ಆ ಇಂಗಾಲವು ಶತಮಾನಗಳ ಕಾಲ ಮೇಲೆ ಬಾರದು. ಹೀಗೆ ಇಳಿಯುವುದರಲ್ಲಿ ಸಮರ್ಥವಾದುವು ಡಯಾಟಮುಗಳೆಂಬ ಜಾತಿಯವು. ಇವುಗಳಿಗೆ ಗಾಜಿನಂತಹ ಸಿಲಿಕದ ಚಿಪ್ಪುಂಟು. 2004ರಲ್ಲಿ ಜರ್ಮನರು ಇದೇ ದಕ್ಷಿಣಸಾಗರದಲ್ಲಿ ನಡೆಸಿದ ಪರೀಕ್ಷೆಯಲ್ಲಿ ಡಯಾಟಮುಗಳು ಬೆಳೆದು, ಆ ಬೆಳೆಯ ಅರ್ಧಕ್ಕೆ ಕಡಮೆಯಿಲ್ಲದ ಭಾಗವು ಸಾವಿರ ಮೀಟರಿನ ಕೆಳಗಿಳಿದುದು ಕಂಡುಬಂದಿತು.

ಲೋಹಾಫೆಕ್ಸಿನ ಮುಖ್ಯರು ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ವಾಜಿಹ್ ನಖ್ವಿಯವರೂ ಬ್ರೆಮರ್‌ಹಾವೆನ್ ನಗರದ ಆಲ್ಫ್ರೆಡ್ ವೆಗೆನರ್ ಸಂಸ್ಥೆಯ ವಿಕ್ಟರ್ ಸ್ಮೆಟಚೆಕ್ ಅವರೂ. ನಾಲ್ವತ್ತಕ್ಕೆ ಮೇಲ್ಪಟ್ಟ ವಿಜ್ಞಾನಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ನಮ್ಮ ದೇಶದವರು. 'ಪೊಲಾರ್‌ಸ್ಟರ್ನ್' ಎಂಬ ಹಿಮಭೇದಕ ನೌಕೆಯು ಜನವರಿ 7ರಂದು ಕೇಪ್‌ಟೌನಿನಿಂದ ಹೊರಟಿತು. ಅದು ಇನ್ನೂ ದಾರಿಯಲ್ಲಿರುವಾಗಲೇ ವಿಘ್ನವೊದಗಿತು. ಇಂತಹ ಕಾರ್ಯಗಳನ್ನು ತಡೆದಿರಬೇಕೆಂದು 2008ರ ಮೇ ತಿಂಗಳಲ್ಲಿ ಬಾನ್ ನಗರದ ಜೀವವೈವಿಧ್ಯಸಮ್ಮೇಳನವು ಸರಕಾರಗಳನ್ನು ಕೇಳಿದ್ದಿತು. ಅದಕ್ಕೆ ಇದು ವಿರುದ್ಧವೆಂದು ಪರಿಸರವಾದಿಗಳೂ ಜರ್ಮನಿಯ ಪರಿಸರ ಸಚಿವಾಲಯವೂ ಆಕ್ಷೇಪಿಸಿದುವು. ನೌಕೆ ಮುಂದೆ ಸಾಗುತ್ತಿದ್ದಂತೆಯೇ ಹೊಸದಾಗಿ ಪರಾಮರ್ಶೆ ನಡೆದು, ಆ ತಿಂಗಳು ಮುಗಿಯುವುದರೊಳಗೆ ಅಪ್ಪಣೆಯಾಯಿತು. ಆಕ್ಷೇಪಣೆಯವರ ಭೀತಿಯು ನಿರಾಧಾರವಾದುದಲ್ಲ. ಆ ವೇಳೆಗೆ ಕೆಲವು ವ್ಯಾಪಾರಸ್ಥರು ಕಡಲಿಗೆ ಕಬ್ಬಿಣವೆರಚಿ, ಹೀರಿಸಿದ ಇಂಗಾಲಕ್ಕೆ ಬೆಲೆಕಟ್ಟಿ ಮಾರುವ ಯೋಚನೆಯಲ್ಲಿದ್ದರು. ಆದರೆ ಅವರ ಲೆಕ್ಕ ಸುಳ್ಳೋ ನಿಜವೋ ಎಂಬುದನ್ನು ತಿಳಿಯಲು ಪರೀಕ್ಷೆಯ ಹೊರತು ಬೇರೆ ದಾರಿಯೇನಿದ್ದಿತೆಂದು ನಮಗೆ ತೋರದು.

ಸಮುದ್ರದಲ್ಲಿ ಗದ್ದೆಗೆ ಬದುವಿಲ್ಲ. ಆದುದರಿಂದ ದೊಡ್ಡದೊಂದು ಸುಳಿಯನ್ನು ಆಯ್ದು, ತನ್ನಷ್ಟಕ್ಕೆ ತಿರುಗುತ್ತಿರುವ ಅದರ ಮಧ್ಯದ 300 ಚದರ ಕಿಲೋಮೀಟರಿನಷ್ಟು ನೀರಿಗೆ ಕಬ್ಬಿಣದ ಸಲ್ಫೇಟನ್ನು ಕರಗಿಸಿ ಬಿಟ್ಟರು. ಎರಡು ವಾರಗಳಲ್ಲಿ ಸಸ್ಯರಾಶಿಯು ಇಮ್ಮಡಿಯಾಯಿತು. ಅಲ್ಲಿಗೆ ನಿಂತಿತು. ಮತ್ತೆ ಕಬ್ಬಿಣವನ್ನು ಬಿಟ್ಟರೂ ಹೆಚ್ಚಲಿಲ್ಲ. ಆ ನೀರಿನಲ್ಲಿ ಸಿಲಿಕದ ಅಂಶವು ಮೊದಲೇ ತೀರಿದ್ದುದರಿಂದ ಡಯಾಟಮುಗಳು ಚಿಪ್ಪು ಕಟ್ಟಲಾರದೆ ಹೋದುವು. ಬೆಳೆದವೆಲ್ಲ ಚಿಪ್ಪಿಲ್ಲದ ಮೃದುಜಾತಿಗಳು. ಇವನ್ನು ಕೊಪೆಪಾಡುಗಳೆಂಬ ಕಿರುಸಿಗಡಿಯಂತಹ ಜೀವಿಗಳು ಮೇಯ್ದುವು. ಅವನ್ನು ತಿನ್ನಲು ಅವಕ್ಕಿಂತ ದೊಡ್ಡವಾದ ಆಂಫಿಪಾಡುಗಳು ನೆರೆದುವು. ಈ ಆಂಫಿಪಾಡುಗಳು ದಕ್ಷಿಣಸಾಗರದ ತಿಮಿಂಗಿಲಗಳಿಗೂ ಆಹಾರವೇ ಆದುದರಿಂದ, ಹಾಕಿದ ಗೊಬ್ಬರವು ವ್ಯರ್ಥವಾಯಿತೆನ್ನುವಂತಿಲ್ಲ. ಆದರೆ ಯಾವ ಉದ್ದೇಶದಿಂದ ಹಾಕಿದರೋ ಅದು ಈಡೇರಲಿಲ್ಲ. ಆಳಕ್ಕಿಳಿದ ಇಂಗಾಲವು ಅತ್ಯಲ್ಪ. ದಕ್ಷಿಣಸಾಗರದ ಉತ್ತರಾರ್ಧದ ನೀರೆಲ್ಲವೂ ಇಂತಹುದೇ ಆಗಿರುವುದರಿಂದ, ಆ ವಿಸ್ತಾರವನ್ನು ಇಂಗಾಲದ ಕಣಜವನ್ನಾಗಿ ಮಾಡುವ ಆಸೆಯನ್ನು ಬಿಡಬೇಕಾಯಿತು.

ಇನ್ನೆರಡು ತೊಡಕುಗಳುಂಟು. ಒಂದೆಡೆ ಬೆಳೆ ಹೆಚ್ಚಿದರೆ ಅಲ್ಲಿಯ ನೈಟ್ರೇಟು ಫಾಸ್ಫೇಟುಗಳು ಖರ್ಚಾಗಿ, ಆ ನೀರು ಹರಿದುಹೋಗುವ ದೂರದ ಕಡಲುಗಳ ಫಲವತ್ತು ಕುಂದಬಹುದು. ಕೆಳಗಿಳಿದುದು ಕೊಳೆಯುವಾಗ ಆಳದ ಆಮ್ಲಜನಕವು ವ್ಯಯವಾಗುವುದು. ಮಳೆಗಾಲದ ಕೊನೆಯಲ್ಲಿ ಆಮ್ಲಜನಕ ಬತ್ತಿದ ನೀರು ನಮ್ಮ ಪಶ್ಚಿಮ ಕರಾವಳಿಯ ಅಂಚಿಗೇರಿ ಬರುವುದನ್ನು ವರ್ಷಗಟ್ಟಲೆ ಅಳೆದ ನಖ್ವಿಯವರಂತಹವರಿಗೆ ಇದು ಪುಸ್ತಕದ ಶಂಕೆಯಾಗಿರಲಿಲ್ಲ.

ಲೋಹಾಫೆಕ್ಸಿನ ಫಲಿತಾಂಶವು ಪ್ರಕಟವಾದ ಮೇಲೆಯೂ ಆಸೆ ಅಡಗಲಿಲ್ಲ. 2012ರಲ್ಲಿ ಕೆನಡಾದ ಪಶ್ಚಿಮತೀರದ ಹೈದಾ ಗ್ವಾಯಿ ದ್ವೀಪಗಳ ಆಚೆ, ಸಾಲ್ಮನ್ ಮೀನು ವೃದ್ಧಿಯಾಗಲೆಂದೂ ಇಂಗಾಲದ ಹಣ ಬರಲೆಂದೂ ನೂರು ಟನ್ನಿನಷ್ಟು ಕಬ್ಬಿಣದ ಪದಾರ್ಥವನ್ನು ಖಾಸಗಿಯಾಗಿ ಸುರಿಸಿದರು. ಇದರಿಂದ ಕೋಲಾಹಲವೆದ್ದಿತು. ಸಮುದ್ರಕ್ಕೆ ಕಸ ಸುರಿಯುವುದನ್ನು ನಿಯಂತ್ರಿಸುವ ಲಂಡನ್ ಒಪ್ಪಂದಕ್ಕೆ ಸೇರಿದ ರಾಷ್ಟ್ರಗಳು, ನಿಜವಾದ ಶಾಸ್ತ್ರಪರಿಶೋಧನೆಯ ಹೊರತು ಈ ಗೊಬ್ಬರಗಾರಿಕೆಯು ಕೂಡದೆಂದು 2013ರಲ್ಲಿ ತಿದ್ದುಪಡಿಯನ್ನು ಅಂಗೀಕರಿಸಿದುವು.