ಬಿಸಿನೀರು ಯಾರದ್ದು? ಕಿನೊಸಾಕಿ ಅನ್ನೋ ಊರಿನ ಕಥೆ

ಇವತ್ತಿನ ಸಂಚಿಕೆಯಲ್ಲಿ ಜಪಾನಿನ ಒಂದು ಪುಟ್ಟ ಊರಿಗೆ ಹೋಗಿಬರೋಣ. ಊರಿನ ಹೆಸರು ಕಿನೊಸಾಕಿ. ಹ್ಯೋಗೊ ಪ್ರಾಂತ್ಯದ ಉತ್ತರದಲ್ಲಿ, ಜಪಾನ್ ಸಮುದ್ರಕ್ಕೆ ಹತ್ತಿರ ಇದೆ. ಕ್ಯೋಟೋದಿಂದ ಎಕ್ಸ್‌ಪ್ರೆಸ್ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ಸುಮಾರು 1,300 ವರ್ಷಗಳಿಂದ ಜನ ಇಲ್ಲಿಗೆ ಬರ್ತಿರೋದು ನೆಲದೊಳಗಿನ ಬಿಸಿನೀರಿಗಾಗಿ. ಇಂಥ ಬಿಸಿನೀರಿನ ಬುಗ್ಗೆಗೂ, ಅದರ ಸುತ್ತ ಬೆಳೆದ ಊರಿಗೂ ಜಪಾನೀಯರು ಓನ್ಸೆನ್ ಅಂತಾರೆ.

ಊರಿನ ನಡುವೆ ಒಂದು ಸಣ್ಣ ಹೊಳೆ, ಅದರ ದಡದುದ್ದಕ್ಕೂ ಬಾಗಿ ನಿಂತ ವಿಲ್ಲೋ ಮರಗಳು, ಕಲ್ಲಿನ ಕಮಾನು ಸೇತುವೆಗಳು, ಎರಡು ಮೂರು ಅಂತಸ್ತಿನ ಮರದ ವಸತಿಗೃಹಗಳು. ಸಂಜೆ ಆಗ್ತಿದ್ದಂತೆ ಬೀದಿ ತುಂಬ ಯುಕಾತಾ ತೊಟ್ಟ ಜನ. ಯುಕಾತಾ ಅಂದ್ರೆ ತೆಳು ಹತ್ತಿಯ ನಿಲುವಂಗಿ. ಕಾಲಲ್ಲಿ ಗೇತಾ, ಅಂದ್ರೆ ಮರದ ಚಪ್ಪಲಿ. ಎಲ್ಲಿ ನಿಂತ್ರೂ ಟಕ್ ಟಕ್ ಸದ್ದು. ಅಜ್ಜಿ, ಮೊಮ್ಮಗು, ಕಾಲೇಜು ಹುಡುಗರು, ಎಲ್ಲರೂ ಒಂದು ಸ್ನಾನಗೃಹದಿಂದ ಇನ್ನೊಂದಕ್ಕೆ ಹೊರಟಿರ್ತಾರೆ. ಊರಲ್ಲಿ ಇಂಥ ಸಾರ್ವಜನಿಕ ಸ್ನಾನಗೃಹಗಳು ಏಳು.

ನಾನು ಉಳಿದಿದ್ದ ವಸತಿಗೃಹದಲ್ಲೂ ಒಂದು ಸಣ್ಣ ಬಿಸಿನೀರಿನ ಕೊಳ ಇತ್ತು. ಒಳಗೇ ನೀರಿರುವಾಗ ಇಷ್ಟು ಜನ ಹೊರಗೆ ಯಾಕೆ ಹೋಗ್ತಾರೆ? ಈ ಪ್ರಶ್ನೆಗೆ ಉತ್ತರ ಬೇಕಂದ್ರೆ ನೂರು ವರ್ಷ ಹಿಂದಕ್ಕೆ ಹೋಗಬೇಕು.

1925ರ ಮೇ 23. ಈ ಭಾಗದಲ್ಲಿ ದೊಡ್ಡ ಭೂಕಂಪ ಆಯ್ತು. ಆಮೇಲೆ ಹೊತ್ತಿದ ಬೆಂಕಿಗೆ ಮರದಿಂದ ಕಟ್ಟಿದ್ದ ಕಿನೊಸಾಕಿ ಹೆಚ್ಚುಕಡಿಮೆ ಪೂರ್ತಿ ಸುಟ್ಟುಹೋಯ್ತು. ಇಡೀ ಪ್ರದೇಶದಲ್ಲಿ 400ಕ್ಕೂ ಹೆಚ್ಚು ಜನ ಸತ್ತರು. ಉಳಿದವರು ಊರನ್ನು ಮತ್ತೆ ಕಟ್ಟೋಕೆ ಹೊರಟಾಗ, ರಸ್ತೆ ಅಗಲ ಮಾಡಲು ತಂತಮ್ಮ ಜಾಗದ ಒಂದು ಪಾಲು ಬಿಟ್ಟುಕೊಟ್ಟರು. ಬೆಂಕಿ ಮತ್ತೆ ಹರಡಬಾರದು ಅಂತ ಅಲ್ಲಲ್ಲಿ ಕಾಂಕ್ರೀಟ್ ಕಟ್ಟಡ ಕಟ್ಟಿದರು. ಉಳಿದದ್ದನ್ನು ಹಳೆಯ ಶೈಲಿಯಲ್ಲೇ ಮರದಿಂದ ಎಬ್ಬಿಸಿದರು. ಇವತ್ತು ನಾವು ಫೋಟೋ ತೆಗೆಯೋ ‘ಪ್ರಾಚೀನ’ ಬೀದಿಯ ಬಹುಪಾಲು ಆಗ ಕಟ್ಟಿದ್ದು.

ಆ ಹೊತ್ತಿಗೇ ಇನ್ನೊಂದು ಜಗಳ ಶುರುವಾಯ್ತು. ಅಲ್ಲಿಯವರೆಗೆ ವಸತಿಗೃಹಗಳ ಒಳಗೆ ಬಿಸಿನೀರಿನ ಸ್ನಾನ ಇರಲಿಲ್ಲ. ಅತಿಥಿಗಳೆಲ್ಲ ಊರಿನ ಸಾರ್ವಜನಿಕ ಸ್ನಾನಗೃಹಕ್ಕೇ ಹೋಗಬೇಕಿತ್ತು. ಭೂಕಂಪದ ನಂತರ ಒಂದು ವಸತಿಗೃಹ ತನ್ನ ಜಾಗದಲ್ಲೇ ಬಿಸಿನೀರು ತೆಗೆದು, ಒಳಗೇ ಸ್ನಾನದ ಏರ್ಪಾಟು ಮಾಡೋಕೆ ಮುಂದಾಯ್ತು. ಊರು ತಿರುಗಿಬಿತ್ತು. ಒಬ್ಬೊಬ್ಬರೂ ನೀರು ಎಳೆದುಕೊಂಡ್ರೆ ಎಲ್ಲರ ಬುಗ್ಗೆ ಬತ್ತುತ್ತೆ ಅನ್ನೋದು ಮೊದಲ ಭಯ. ಒಂದೇ ಅಂತರ್ಜಲಕ್ಕೆ ಹತ್ತು ಬೋರ್‌ವೆಲ್ ಹಾಕಿದ್ರೆ ಏನಾಗುತ್ತೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ ಬಿಡಿ. ಎರಡನೆಯದು ಹೊಟ್ಟೆಪಾಡಿನ ಭಯ. ಅತಿಥಿಗಳು ಹೊರಗೇ ಬರದಿದ್ರೆ ಬೀದಿ ಅಂಗಡಿಗಳು ಉಳಿಯಲ್ಲ, ಸಣ್ಣ ವಸತಿಗೃಹಗಳೂ ಉಳಿಯಲ್ಲ.

ಜಗಳ ಕೋರ್ಟಿಗೆ ಹೋಯ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಎಳೆದಾಡಿ, 1950ರಲ್ಲಿ ರಾಜಿ ಆಯ್ತು. ಬಿಸಿನೀರು ಊರಿನ ಒಟ್ಟು ಆಸ್ತಿ. ವಸತಿಗೃಹಗಳು ಒಳಗೆ ಸ್ನಾನದ ಕೊಳ ಇಟ್ಟುಕೊಳ್ಳಬಹುದು, ಆದ್ರೆ ಅದು ಚಿಕ್ಕದಾಗಿರಬೇಕು. 1970ರ ದಶಕದಲ್ಲಿ ಬುಗ್ಗೆಗಳ ನೀರನ್ನು ಒಂದು ಕಡೆ ಸೇರಿಸಿ, ಪೈಪಿನಲ್ಲಿ ಎಲ್ಲರಿಗೂ ಹಂಚುವ ವ್ಯವಸ್ಥೆಯೂ ಬಂತು.

ಈಗ ವಸತಿಗೃಹದಲ್ಲಿ ಉಳಿದವರಿಗೆಲ್ಲ ಸಾರ್ವಜನಿಕ ಸ್ನಾನಗೃಹಗಳ ಪಾಸ್ ಉಚಿತವಾಗಿ ಸಿಗುತ್ತೆ. ರೈಲು ನಿಲ್ದಾಣವೇ ಹೆಬ್ಬಾಗಿಲು, ಬೀದಿಯೇ ಮನೆಯ ಓಣಿ, ವಸತಿಗೃಹಗಳು ಕೋಣೆ, ಏಳು ಸ್ನಾನಗೃಹಗಳು ಬಚ್ಚಲುಮನೆ ಅನ್ನೋದು ಇಲ್ಲಿನವರ ಮಾತು. ಅತಿಥಿ ಹೊರಗೆ ಬರ್ತಾನೆ, ಐಸ್‌ಕ್ರೀಂ ತಿಂತಾನೆ, ಚಪ್ಪಲಿ ಅಂಗಡಿಗೆ ಇಣುಕ್ತಾನೆ. ದುಡ್ಡು ಒಂದೇ ಕಟ್ಟಡದಲ್ಲಿ ನಿಲ್ಲದೆ ಬೀದಿಯುದ್ದಕ್ಕೂ ಹರಿಯುತ್ತೆ.

ಏಳು ಸ್ನಾನಗೃಹಗಳಲ್ಲಿ ಕೊನೊಯು ಅನ್ನೋದಕ್ಕೆ ಒಂದು ಐತಿಹ್ಯ ಇದೆ. ಗಾಯಗೊಂಡ ಕೊಕ್ಕರೆಯೊಂದು ಇಲ್ಲಿನ ನೀರಲ್ಲಿ ಕಾಲಿಟ್ಟು ವಾಸಿ ಮಾಡಿಕೊಂಡಿತಂತೆ. ಆ ಜಾತಿಯ ಕೊಕ್ಕರೆ 1971ರಲ್ಲಿ ಜಪಾನಿನ ಕಾಡಿನಿಂದ ಪೂರ್ತಿ ಮರೆಯಾಯ್ತು. ಕೂಡಿಟ್ಟು ಸಾಕಿ ಬೆಳೆಸಿದ ಹಕ್ಕಿಗಳನ್ನು 2005ರಿಂದ ಇದೇ ತೊಯೊಓಕಾ ಪ್ರದೇಶದಲ್ಲಿ ಹೊರಗೆ ಬಿಡ್ತಿದ್ದಾರೆ. ಗದ್ದೆಗಳಲ್ಲಿ ಈಗ ಅವು ಮತ್ತೆ ಕಾಣಿಸ್ತವೆ.

ಸರಿ, ಹೋಗಬೇಕು ಅನ್ಸಿದ್ರೆ ಕೆಲವು ವಿಷಯ ಗೊತ್ತಿರಲಿ. ಕೊಳಕ್ಕೆ ಇಳಿಯುವಾಗ ಮೈಮೇಲೆ ಬಟ್ಟೆ ಇರಕೂಡದು, ಚಡ್ಡಿ ಕೂಡ. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ವಿಭಾಗ. ನನಗೂ ಮೊದಲ ಐದು ನಿಮಿಷ ನಾಚಿಕೆ ಆಯ್ತು. ಯಾರೂ ಯಾರನ್ನೂ ನೋಡ್ತಿಲ್ಲ ಅಂತ ಗೊತ್ತಾದ ಮೇಲೆ ಹೋಯ್ತು. ಮೊದಲು ಪುಟ್ಟ ಸ್ಟೂಲ್ ಮೇಲೆ ಕೂತು, ಸೋಪು ಹಚ್ಚಿ, ಚೆನ್ನಾಗಿ ತೊಳೆದುಕೊಂಡು ಆಮೇಲೆ ಇಳಿಯಬೇಕು. ಕೊಳ ಇರೋದು ನೆನೆಯೋಕೆ, ಕೊಳೆ ತೆಗೆಯೋಕಲ್ಲ. ಕೂದಲು, ಟವೆಲ್ ನೀರಿಗೆ ತಾಗಬಾರದು.

ಟ್ಯಾಟೂ ಇದ್ರೆ ಜಪಾನಿನ ಎಷ್ಟೋ ಓನ್ಸೆನ್‌ಗಳಲ್ಲಿ ಒಳಗೆ ಬಿಡೋದಿಲ್ಲ. ಇಲ್ಲಿನ ಸಾರ್ವಜನಿಕ ಸ್ನಾನಗೃಹಗಳಲ್ಲಿ ಅಡ್ಡಿಯಿಲ್ಲ. ಯುಕಾತಾ ತೊಡುವಾಗ ಎಡಬದಿ ಮೇಲೆ ಬರಬೇಕು. ಬಲಬದಿ ಮೇಲೆ ಬರುವಂತೆ ಉಡಿಸೋದು ಹೆಣಕ್ಕೆ! ಸಸ್ಯಾಹಾರಿಗಳು ಬುಕ್ ಮಾಡುವಾಗಲೇ ಹೇಳಿಬಿಡಿ, ಯಾಕಂದ್ರೆ ತರಕಾರಿ ಸಾರಿಗೂ ಮೀನಿನ ರಸ ಹಾಕೋದು ಅಲ್ಲಿನ ರೂಢಿ. ನವೆಂಬರಿನಿಂದ ಮಾರ್ಚ್‌ವರೆಗೆ ಏಡಿಯ ಸೀಸನ್, ಬಾಡಿಗೆ ಜಾಸ್ತಿ. ಸ್ನಾನಗೃಹಗಳಿಗೆ ಬೇರೆ ಬೇರೆ ದಿನ ರಜೆ ಇರುತ್ತೆ, ಕೆಲವೊಮ್ಮೆ ರಿಪೇರಿಗೂ ಮುಚ್ಚಿರುತ್ತೆ. ಹೊರಡೋ ಮೊದಲು ನೋಡಿಕೊಳ್ಳಿ.

ನಮ್ಮ ಪ್ರವಾಸಿ ಊರುಗಳಲ್ಲೂ ನೀರು, ಬೀಚು, ಬೆಟ್ಟದ ನೋಟ ಯಾರದ್ದು ಅನ್ನೋ ಜಗಳ ಇದ್ದೇ ಇದೆ. ನಿಮ್ಮೂರಲ್ಲಿ ಅಂಥದ್ದು ಏನಾದ್ರೂ ನಡೀತಿದ್ರೆ ನಮಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.