ಕಂಪವಾತದ ಔಷಧಪ್ರಮಾಣ: ಒಂದು ಚಾರಿತ್ರಿಕ ವಿವೇಚನೆ

ಶಾಸನಗಳನ್ನೂ ಕಡತಗಳನ್ನೂ ಆಕರಗಳೆಂದು ಓದುವ ನಾವು ವೈದ್ಯರ ಔಷಧಚೀಟಿಯನ್ನು ಹಾಗೆ ಓದುವುದು ವಿರಳ. ಆದರೆ ಪಾರ್ಕಿನ್ಸನ್ ರೋಗಕ್ಕೆ ಇಂದು ಬರೆಯಲಾಗುವ ಚೀಟಿಯಲ್ಲಿ ಔಷಧದ ಹೆಸರಿನಷ್ಟೇ ಅದರ ಪ್ರಮಾಣವೂ ವೇಳೆಯೂ ಮುಖ್ಯವಾಗಿರುತ್ತವೆ. ಇವು ನಿಷ್ಕರ್ಷೆಗೊಂಡ ಬಗೆಯನ್ನು ಸಂಕ್ಷೇಪವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕ್ರಿ. ಶ. 1817ರಲ್ಲಿ ಲಂಡನ್ನಿನ ವೈದ್ಯನಾದ ಜೇಮ್ಸ್ ಪಾರ್ಕಿನ್ಸನ್ನನು ಆರು ಮಂದಿ ರೋಗಿಗಳನ್ನು ಆಧರಿಸಿ ಈ ವ್ಯಾಧಿಯನ್ನು ವರ್ಣಿಸಿದನು. ಅದಕ್ಕೆ ಅವನ ಹೆಸರನ್ನಿತ್ತವನು ಪ್ಯಾರಿಸಿನ ಶಾರ್ಕೊ. ಶಾರ್ಕೊವಿನ ಕಾಲದಲ್ಲಿ ಬೆಲಡೋನ ವರ್ಗದ ಸಸ್ಯಸಾರಗಳನ್ನು ಕೊಡುತ್ತಿದ್ದರು. ಇಂದಿನ ಟ್ರೈಹೆಕ್ಸಿಫೆನಿಡಿಲ್ ಗುಳಿಗೆ ಅದೇ ಪರಂಪರೆಗೆ ಸೇರಿದುದು. ಅದು ನಡುಕವನ್ನು ತಗ್ಗಿಸುವುದಾದರೂ ವೃದ್ಧರಲ್ಲಿ ಮರೆವನ್ನೂ ಚಿತ್ತಭ್ರಮೆಯನ್ನೂ ಉಂಟುಮಾಡುವುದರಿಂದ ಅಂಥವರಿಗೆ ಅದನ್ನು ಬರೆಯಲು ವೈದ್ಯರು ಹಿಂಜರಿಯುತ್ತಾರೆ.

ಈ ಚರಿತ್ರೆಯಲ್ಲಿ ನಮ್ಮ ನಾಡಿನ ಎರಡು ಸಸ್ಯಗಳಿಗೆ ಸ್ಥಾನವಿದೆ. ಸರ್ಪಗಂಧಿಯ ಬೇರಿನಿಂದ 1952ರಲ್ಲಿ ಬೇರ್ಪಡಿಸಿದ ರೆಸರ್ಪಿನ್ ರಕ್ತದೊತ್ತಡಕ್ಕೆ ಬಳಕೆಯಾಯಿತು. ಅದನ್ನು ಸೇವಿಸಿದ ಕೆಲವರಲ್ಲಿ ಕಂಪವಾತವನ್ನೇ ಹೋಲುವ ಸ್ಥಿತಿ ತಲೆದೋರಿತು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರು 1957ರಲ್ಲಿ ರೆಸರ್ಪಿನ್ನಿನಿಂದ ನಿಶ್ಚೇಷ್ಟಿತವಾದ ಮೊಲಗಳಿಗೆ ಡೋಪವನ್ನು ಕೊಡಲು ಅವು ಮತ್ತೆ ಚಲಿಸಿದವು. ರೋಗಿಗಳ ಮಿದುಳಿನಲ್ಲಿ ಡೋಪಮೀನ್ ಕ್ಷೀಣಿಸಿರುವುದನ್ನು 1960ರಲ್ಲಿ ವಿಯೆನ್ನಾದ ಏರಿಂಗರ್ ಮತ್ತು ಹಾರ್ನಿಕೀವಿಚ್ ತೋರಿಸಿದರು. ಇನ್ನೊಂದು ಸಸ್ಯ ನಸುಗುನ್ನಿ, ಆಯುರ್ವೇದದ ಆತ್ಮಗುಪ್ತಾ. ಅದರ ಬೀಜಗಳಲ್ಲಿ ಲೆವೊಡೋಪವಿರುವುದನ್ನು ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು 1937ರಲ್ಲಿ ಮದರಾಸಿನಿಂದ ಪ್ರಕಟಿಸಿದ್ದರು. ಇಷ್ಟರಿಂದ ನಮ್ಮ ಪ್ರಾಚೀನರಿಗೆ ಡೋಪಮೀನಿನ ತತ್ತ್ವ ತಿಳಿದಿತ್ತೆಂದು ಸಾಧಿಸಹೊರಡುವುದು ಇತಿಹಾಸಕಾರನಿಗೆ ಭೂಷಣವಲ್ಲ. ಬೀಜದ ಪುಡಿಯಲ್ಲಿ ಲೆವೊಡೋಪದ ಅಂಶ ಒಂದೇ ಸಮನಾಗಿರುವುದಿಲ್ಲ. ವೈದ್ಯರಿಗೆ ತಿಳಿಸದೆ ಗುಳಿಗೆಯೊಡನೆ ಅದನ್ನೂ ಸೇವಿಸಿದರೆ ಪ್ರಮಾಣದ ಲೆಕ್ಕವೆಲ್ಲ ತಪ್ಪುತ್ತದೆ.

1961ರಲ್ಲಿ ವಿಯೆನ್ನಾದಲ್ಲಿ ಲೆವೊಡೋಪವನ್ನು ರಕ್ತನಾಳಕ್ಕೆ ಚುಚ್ಚಿದಾಗ ಚಲನಶಕ್ತಿ ಮರಳಿತಾದರೂ ಅದು ಉಳಿದದ್ದು ಕೆಲವು ಗಂಟೆಗಳು ಮಾತ್ರ. ಬಾಯಿಯ ಮೂಲಕ ಹೆಚ್ಚಾಗಿ ಕೊಟ್ಟರೆ ವಾಂತಿ. ಕಡಮೆ ಕೊಟ್ಟರೆ ಗುಣ ಕಾಣದು. ಈ ಬಿಕ್ಕಟ್ಟನ್ನು ಬಿಡಿಸಿದವರು ಅಮೆರಿಕದ ಜಾರ್ಜ್ ಕೋಟ್ಸಿಯಸ್. ಅವರು ಅಲ್ಪ ಪ್ರಮಾಣದಿಂದ ತೊಡಗಿ, ದೇಹವು ಒಗ್ಗಿದಂತೆಲ್ಲ ನಿಧಾನವಾಗಿ ಏರಿಸುತ್ತ ದಿನಕ್ಕೆ ಹಲವು ಗ್ರಾಮುಗಳವರೆಗೆ ಕೊಂಡೊಯ್ದರು. 1967ರಲ್ಲಿ ಪ್ರಕಟವಾದ ಆ ಫಲಿತಾಂಶದಲ್ಲಿ ಹೊಸತಾಗಿದ್ದುದು ಔಷಧವಲ್ಲ, ಅದನ್ನು ಕೊಡುವ ಕ್ರಮ. ಬಳಿಕ ಕಾರ್ಬಿಡೋಪ ಬಂದಿತು. ಲೆವೊಡೋಪವು ಮಿದುಳನ್ನು ಸೇರುವ ಮುನ್ನವೇ ಡೋಪಮೀನಾಗಿ ಮಾರ್ಪಡುವುದನ್ನು ಇದು ತಡೆಯುತ್ತದೆ. ಪರಿಣಾಮವಾಗಿ ಲೆವೊಡೋಪದ ಅವಶ್ಯಕತೆ ಸುಮಾರು ನಾಲ್ಕನೆಯ ಒಂದಂಶಕ್ಕೆ ಇಳಿಯಿತು. ಅಮೆರಿಕದಲ್ಲಿ 1975ರಲ್ಲಿ ಮಾನ್ಯತೆ ಪಡೆದ ಈ ಜೋಡಿ ಗುಳಿಗೆಯ ಹೆಸರು ಸಿನೆಮೆಟ್, ಎಂದರೆ 'ವಾಂತಿರಹಿತ'.

ಇಂದೂ ವೈದ್ಯರು ಕೋಟ್ಸಿಯಸ್ಸರ ಕ್ರಮವನ್ನೇ ಅನುಸರಿಸುತ್ತಾರೆ. 100 ಮಿಲಿಗ್ರಾಂ ಲೆವೊಡೋಪಕ್ಕೆ 25 ಮಿಲಿಗ್ರಾಂ ಕಾರ್ಬಿಡೋಪ ಸೇರಿದ ಗುಳಿಗೆಯನ್ನು ಅರ್ಧ ಅಥವಾ ಒಂದರಂತೆ ದಿನಕ್ಕೆ ಮೂರು ಸಲ ಆರಂಭಿಸಿ, ವಾರಗಳ ಅಂತರದಲ್ಲಿ ಏರಿಸುವುದು ವಾಡಿಕೆ. ಸಾಮಾನ್ಯವಾಗಿ ಊಟಕ್ಕೆ ಅರ್ಧ ಗಂಟೆ ಮೊದಲು ಸೇವಿಸಬೇಕೆನ್ನುತ್ತಾರೆ. ಬೇಳೆ, ಹಾಲು, ಮಾಂಸಗಳ ಸಸಾರಜನಕಾಂಶವು ಔಷಧದ ಹೀರಿಕೆಗೆ ಪ್ರತಿಸ್ಪರ್ಧಿಯಾಗುವುದೇ ಇದಕ್ಕೆ ಕಾರಣ. ವರ್ಷಗಳು ಕಳೆದಂತೆ ಒಂದು ಸರದಿಯ ಗುಣ ಮುಂದಿನ ಸರದಿಯವರೆಗೆ ನಿಲ್ಲದು. ಆಗ ಸರದಿಗಳ ನಡುವಣ ಅಂತರವನ್ನು ಕಿರಿದುಮಾಡುತ್ತಾರೆ, ಇಲ್ಲವೆ ಎಂಟಕಪೋನ್, ರಾಸಾಗಿಲಿನ್ ಮುಂತಾದುವನ್ನು ಜೊತೆಗೂಡಿಸುತ್ತಾರೆ. ಪ್ರಮಾಣ ಮಿತಿಮೀರಿದರೆ ಅಂಗಾಂಗಗಳು ತಾವಾಗಿಯೇ ಹೊರಳಾಡತೊಡಗುವುದುಂಟು.

ಈ ಹೊರಳಾಟದ ಭಯದಿಂದಲೇ ಲೆವೊಡೋಪವನ್ನು ಸಾಧ್ಯವಾದಷ್ಟು ಮುಂದೂಡಬೇಕೆಂಬ ಮತ ದೀರ್ಘಕಾಲ ಪ್ರಚಲಿತವಾಗಿತ್ತು. ಈಗಲೇ ನುಂಗಿದರೆ ಮುಂದೆ ಅದು ಕೆಲಸಕ್ಕೆ ಬಾರದೆಂದು ಭಾವಿಸಿ, ನಡೆಯಲಾರದಿದ್ದರೂ ಗುಳಿಗೆಯನ್ನು ಮುಟ್ಟದೆ ಕುಳಿತಿರುವವರು ಇಂದಿಗೂ ಇದ್ದಾರೆ. 2019ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಪರೀಕ್ಷೆಯೊಂದರಲ್ಲಿ ಕೆಲವರಿಗೆ ಮೊದಲಿನಿಂದಲೂ, ಕೆಲವರಿಗೆ 40 ವಾರಗಳ ತರುವಾಯವೂ ಔಷಧ ಆರಂಭವಾಯಿತು. 80 ವಾರಗಳ ಕೊನೆಯಲ್ಲಿ ಇಬ್ಬಗೆಯವರ ರೋಗಸ್ಥಿತಿಯಲ್ಲಿಯೂ ಗಣನೀಯ ವ್ಯತ್ಯಾಸ ಕಂಡುಬರಲಿಲ್ಲ. ಬೇಗ ಕೊಟ್ಟುದರಿಂದ ರೋಗ ನಿಧಾನವಾಗಲೂ ಇಲ್ಲ, ಕೇಡೂ ಆಗಲಿಲ್ಲ. ಆದುದರಿಂದ ನಿತ್ಯಕರ್ಮಗಳಿಗೆ ಅಡ್ಡಿಯಾದಾಗ ಔಷಧವನ್ನು ತಡೆಹಿಡಿಯುವುದಕ್ಕೆ ಆಧಾರವಿಲ್ಲ. ಕಿರಿಯ ವಯಸ್ಸಿನವರಿಗೆ ಪ್ರಮಿಪೆಕ್ಸೋಲಿನಂಥವನ್ನು ಮೊದಲು ಕೊಡುವುದುಂಟು. ಅವುಗಳಿಂದ ಜೂಜು, ದುಂದುವೆಚ್ಚಗಳ ಗೀಳು ಹತ್ತಬಹುದಾದ ಕಾರಣ ಮನೆಯವರನ್ನೂ ಎಚ್ಚರಿಸತಕ್ಕುದು.

ಔಷಧವನ್ನು ಥಟ್ಟನೆ ನಿಲ್ಲಿಸುವುದು ಅಪಾಯಕರ. ತೀವ್ರ ಬಿಗಿತವೂ ಜ್ವರವೂ ಪ್ರಾಣಕ್ಕೇ ಸಂಚಕಾರ ತರಬಹುದು. ವಾಂತಿಗೆಂದು ಮೆಟೊಕ್ಲೊಪ್ರಮೈಡನ್ನು ಈ ರೋಗಿಗಳಿಗೆ ಕೊಡಬಾರದು. ಮಿದುಳಿನಲ್ಲಿ ಡೋಪಮೀನಿನ ಕಾರ್ಯಕ್ಕೆ ಅದು ತಡೆಯೊಡ್ಡುವುದರಿಂದ, ಹಿಂದೆ ರೆಸರ್ಪಿನ್ ಉಂಟುಮಾಡಿದ ಸ್ಥಿತಿಯನ್ನೇ ಅದೂ ಉಂಟುಮಾಡಬಲ್ಲುದು.