ಎರಡು ನಕ್ಷೆಗಳ ನಡುವೆ ಸಿಕ್ಕ ಎಂಜಿನ್

ವಿ-ಟ್ವಿನ್ ಎಂಜಿನ್ ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ನಿರ್ಧರಿಸುವುದು ಎರಡು ಸಿಲಿಂಡರ್‌ಗಳ ನಡುವಿನ ಕೋನವನ್ನು. ಇಂಗ್ಲೆಂಡಿನ ಸ್ಟೀವನೇಜ್‌ನಲ್ಲಿ 1936ರಲ್ಲಿ ಹುಟ್ಟಿದ ವಿನ್ಸೆಂಟ್ ಎಚ್‌ಆರ್‌ಡಿ ರಾಪಿಡ್ ಬೈಕಿನ ಮಟ್ಟಿಗೆ ಹಾಗಾಗಲಿಲ್ಲ. ಆ ಕೋನವನ್ನು ಹೇಳಿಕೊಟ್ಟದ್ದು ಕಾರ್ಖಾನೆಯಲ್ಲಿ ಆಗಲೇ ತಯಾರಾಗುತ್ತಿದ್ದ ಬಿಡಿಭಾಗಗಳು.

ಫಿಲಿಪ್ ವಿನ್ಸೆಂಟ್ ಅವರ ಈ ಪುಟ್ಟ ಕಂಪನಿ ಮೊದಲು ಬೇರೆಯವರ ಎಂಜಿನ್ ಕೊಂಡು ಬೈಕ್ ಕಟ್ಟುತ್ತಿತ್ತು. 1934ರ ಐಲ್ ಆಫ್ ಮ್ಯಾನ್ ಟಿಟಿ ರೇಸಿನಲ್ಲಿ ಆ ಎಂಜಿನ್‌ಗಳು ಕೈಕೊಟ್ಟವು. ಇನ್ನು ನಮ್ಮದೇ ಎಂಜಿನ್ ಆಗಬೇಕೆಂದು ವಿನ್ಸೆಂಟ್ ಮತ್ತು ಆಸ್ಟ್ರೇಲಿಯಾದ ಎಂಜಿನಿಯರ್ ಫಿಲ್ ಇರ್ವಿಂಗ್ ಪಟ್ಟು ಹಿಡಿದು, ಅದೇ ವರ್ಷ 499 ಸಿಸಿಯ ಒಂಟಿ ಸಿಲಿಂಡರ್ ಎಂಜಿನ್ ಮಾಡಿ ಮುಗಿಸಿದರು. ಬೋರ್ 84 ಮಿ.ಮೀ., ಸ್ಟ್ರೋಕ್ 90 ಮಿ.ಮೀ. ಪುಶ್‌ರಾಡ್‌ಗಳು ಗಿಡ್ಡವಿರಲೆಂದು ಕ್ಯಾಮ್‌ಶಾಫ್ಟನ್ನು ಎತ್ತರದಲ್ಲಿಟ್ಟಿದ್ದರು. ಅಲ್ಲಿಯವರೆಗೆ ಚಲನೆ ಮುಟ್ಟಿಸಲು ಕ್ರ್ಯಾಂಕಿಗೂ ಕ್ಯಾಮಿಗೂ ಮಧ್ಯೆ ದೊಡ್ಡದೊಂದು ಐಡ್ಲರ್ ಗಿಯರ್ ಬೇಕಾಯಿತು. ಅದು ಸಿಲಿಂಡರಿನ ನಡುಗೆರೆಗೆ ನೇರವಾಗಿರದೆ ಒಂದು ಬದಿಗೆ ಸರಿದು ಕುಳಿತಿತ್ತು.

ಮುಂದಿನದೆಲ್ಲ ಆ ಓರೆಯಿಂದಲೇ ಹುಟ್ಟಿತು. ಇರ್ವಿಂಗ್ ಹೇಳಿರುವ ಪ್ರಕಾರ, ಅದೇ ಎಂಜಿನ್ನಿನ ಎರಡು ಟ್ರೇಸಿಂಗ್ ನಕ್ಷೆಗಳು ಅವರ ಮೇಜಿನ ಮೇಲೆ ಒಂದರ ಮೇಲೊಂದು ಬಿದ್ದಿದ್ದವು. ಎರಡು ಸಿಲಿಂಡರ್‌ಗಳು ಇಂಗ್ಲಿಷಿನ ವಿ ಅಕ್ಷರದಂತೆ ಕವಲೊಡೆದು ಕಂಡವು. ಒಂದು ನಕ್ಷೆಯನ್ನು ಮಗುಚಿ, ಕ್ರ್ಯಾಂಕಿನ ಮೇಲೆ ಕ್ರ್ಯಾಂಕ್, ಐಡ್ಲರ್ ಮೇಲೆ ಐಡ್ಲರ್ ಕೂರುವಂತೆ ಹೊಂದಿಸಿದರೆ ಸಿಲಿಂಡರ್‌ಗಳ ನಡುವೆ ಸುಮಾರು 47 ಡಿಗ್ರಿ ತೆರೆದುಕೊಳ್ಳುತ್ತಿತ್ತು. ಗಿಯರ್ ಸರಿದಿದ್ದ ಕೋನದ ಸರಿಯಾಗಿ ಎರಡರಷ್ಟು!

ಇದರಿಂದಾದ ಉಳಿತಾಯ ದೊಡ್ಡದು. ಸಿಲಿಂಡರ್, ಹೆಡ್, ವಾಲ್ವ್ ವ್ಯವಸ್ಥೆ ಎಲ್ಲವೂ ಒಂಟಿ ಎಂಜಿನ್ನಿನವೇ ಆದವು. ಮುಖ್ಯವಾಗಿ ಹೊಸದಾಗಿ ಬೇಕಾದದ್ದು ಕ್ರ್ಯಾಂಕ್‌ಕೇಸ್. ಎರಡು ಕನೆಕ್ಟಿಂಗ್ ರಾಡ್‌ಗಳು ಒಂದೇ ಕ್ರ್ಯಾಂಕ್‌ಪಿನ್ನಿನ ಮೇಲೆ ಪಕ್ಕಪಕ್ಕದಲ್ಲಿ ಕುಳಿತದ್ದರಿಂದ ಹಿಂದಿನ ಸಿಲಿಂಡರ್ ತುಸು ಬದಿಗೆ ಸರಿಯಿತು. ಅದರಿಂದ ಅದಕ್ಕೆ ತಂಪುಗಾಳಿಯೂ ಚೆನ್ನಾಗಿ ತಗುಲಿತು.

ಹೀಗೆ ಸಿದ್ಧವಾದ 998 ಸಿಸಿಯ ರಾಪಿಡ್ ಸುಮಾರು 45 ಅಶ್ವಶಕ್ತಿ ಕೊಟ್ಟು, ಗಂಟೆಗೆ 110 ಮೈಲಿ ವೇಗ ಮುಟ್ಟಿತು. ಆದರೆ ಹೊರಗಿನಿಂದ ಕೊಂಡ ಕ್ಲಚ್ ಮತ್ತು ಗಿಯರ್‌ಬಾಕ್ಸ್ ಇಷ್ಟು ಬಲವನ್ನು ತಾಳಲಾರದೆ ಹೋದವು. ಹಾಗಾಗಿ ಯುದ್ಧ ಮುಗಿದ ಮೇಲೆ, 1946ರಲ್ಲಿ, ಇಡೀ ಎಂಜಿನ್ನನ್ನು ಮೊದಲಿನಿಂದ ಬರೆದರು. ಕೋನ 50 ಡಿಗ್ರಿಯಾಯಿತು, ಗಿಯರ್‌ಬಾಕ್ಸ್ ಎಂಜಿನ್ನಿನ ಕೇಸಿನೊಳಗೇ ಸೇರಿತು, ಬೈಕಿನ ಚೌಕಟ್ಟಿನ ಕೆಲಸವನ್ನೂ ಎಂಜಿನ್ನೇ ಹೊತ್ತಿತು. 1948ರಲ್ಲಿ ಇದೇ ವಂಶದ ಬೈಕಿನ ಮೇಲೆ ರಾಲಿ ಫ್ರೀ ಅಮೆರಿಕದ ಬಾನವಿಲ್ ಉಪ್ಪುಬಯಲಿನಲ್ಲಿ ಗಂಟೆಗೆ 150 ಮೈಲಿಯ ಗಡಿ ದಾಟಿದರು. ಆಗ ಬಂದ ಕಂಪನಿಯ ಹೊಸ ಒಂಟಿ ಸಿಲಿಂಡರ್ ಬೈಕ್ ಕಾಮೆಟ್‌ನ ಹುಟ್ಟು ರಾಪಿಡ್‌ನ ಹುಟ್ಟಿಗೆ ತಿರುಗುಮುರುಗು: ಜೋಡಿ ಎಂಜಿನ್ನಿನ ಹಿಂದಿನ ಸಿಲಿಂಡರ್ ತೆಗೆದು ಅದನ್ನು ಒಂಟಿಯಾಗಿಸಿದ್ದರು.

ಇರ್ವಿಂಗ್ ಮುಂದೆ ಆಸ್ಟ್ರೇಲಿಯಾದ ರೆಪ್ಕೊ ಕಂಪನಿಗಾಗಿ ರೂಪಿಸಿದ ವಿ8 ಎಂಜಿನ್ ಕೂಡ ಆಗಲೇ ಇದ್ದ ಓಲ್ಡ್ಸ್‌ಮೊಬೈಲ್ ಕಾರಿನ ಅಲ್ಯೂಮಿನಿಯಂ ಬ್ಲಾಕಿನಿಂದ ಆರಂಭವಾಯಿತು. 1966ರಲ್ಲಿ ಜಾಕ್ ಬ್ರಾಬಮ್ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದದ್ದು ಅದರ ಬಲದಿಂದ. ಎರಡು ಸಲವೂ ಇರ್ವಿಂಗ್ ಅನುಸರಿಸಿದ್ದು ಒಂದೇ ಕ್ರಮ: ಏನನ್ನು ಉಳಿಸಿಕೊಳ್ಳಬಹುದೆಂದು ಮೊದಲು ಅಳೆದರು, ಉಳಿಯಲಾರದ್ದನ್ನು ಮಾತ್ರ ಹೊಸದಾಗಿ ಮಾಡಿದರು.